ಅರ್ಧ ಕ್ಯಾಸೆಟ್ಟಿನ ಸಂಸಾರ

ಒಂದು ಮನೆ ಅಂದಮೇಲೆ ಅಲ್ಲಿ ಒಬ್ಬರಿಗೆ ಪ್ರಾಣಕ್ಕಿಂತ ಹೆಚ್ಚಾದ, ಇನ್ನೊಬ್ಬರಿಗೆ ಕೇಳಿದರೆ ಮೈಯುರಿಯುವ ಒಂದು ಸದ್ದು ಇದ್ದೇ ಇರುತ್ತದೆ. ಕೆಲವರ ಮನೆಯಲ್ಲಿ ಅದು ಟೀವಿಯ ಧಾರಾವಾಹಿ. ಕೆಲವರಲ್ಲಿ ಯಜಮಾನರು ಬೆಳಗ್ಗೆ ಎದ್ದು ಗಂಟಲು ಸ್ವಚ್ಛ ಮಾಡಿಕೊಳ್ಳುವ ವೈಭವ. ಜಮಖಂಡಿಯ ನಮ್ಮ ಓಣಿಯಲ್ಲಿ ಒಬ್ಬರು ತಮ್ಮ ಹಳೆಯ ಸ್ಕೂಟರನ್ನು ದಿನಾ ಅರ್ಧ ತಾಸು ಚಾಲೂ ಇಟ್ಟು, ಕಣ್ಣು ಮುಚ್ಚಿ ಅದರ ಸದ್ದು ಕೇಳುತ್ತಾ ನಿಲ್ಲುತ್ತಾರೆ. ಅವರ ಹೆಂಡತಿ ಆ ಹೊತ್ತಿಗೆ ಸರಿಯಾಗಿ ಹಿತ್ತಲಿಗೆ ಹೋಗಿಬಿಡುತ್ತಾರೆ. ಇಂಥ ಸದ್ದುಗಳನ್ನು ಸಹಿಸಿಕೊಳ್ಳುವುದಕ್ಕೇ ಸಂಸಾರ ಎಂದು ಹೆಸರು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಸಹಿಸಿಕೊಳ್ಳುವ ಕಡೆ ನಾನು ಎಂದೂ ಇರಲಿಲ್ಲವಾದ್ದರಿಂದ ಈ ಅಭಿಪ್ರಾಯ ಬಹಳ ವರ್ಷ ಸುಖವಾಗಿ ಬಾಳಿತು.

ನಮ್ಮ ಮನೆಯ ಸದ್ದು ಭೀಮಪ್ಪಣ್ಣನ ಡಪ್ಪು. ಭೀಮಪ್ಪಣ್ಣ ಅಂದರೆ ಮುಧೋಳದ ಆಚೆಯ ಹಳ್ಳಿಯೊಂದರ ಗೀಗೀ ಮೇಳದ ಹಾಡುಗಾರ. ಕೈಯಲ್ಲಿ ಡಪ್ಪು, ಪಕ್ಕಕ್ಕೆ ತುಂತುಣಿ ಮೀಟುವವನೊಬ್ಬ, ತಾಳ ಹಾಕುವವನೊಬ್ಬ, ಅಷ್ಟೇ ಮೇಳ. ಭೀಮಪ್ಪಣ್ಣ ಒಂದು ಸಾಲು ಎತ್ತಿ ಹಾಡಿದ ಕೂಡಲೇ ಹಿಂದಿನ ಇಬ್ಬರೂ ‘ಗೀಯ ಗೀಯ’ ಎಂದು ಎಳೆಯುತ್ತಾರೆ. ನಮ್ಮ ಕಡೆ ಇದು ಹಾಡಷ್ಟೇ ಅಲ್ಲ, ಜಗಳ ಕೂಡ. ಒಂದು ಮೇಳ ಹರದೇಶಿ, ಅಂದರೆ ಗಂಡಸಿನ ಪಕ್ಷ. ಜಗತ್ತು ನಡೆದಿರುವುದೇ ಗಂಡಿನಿಂದ ಎಂದು ವಾದಿಸುವವರು. ಎದುರಿನದು ನಾಗೇಶಿ, ಹೆಣ್ಣಿನ ಪಕ್ಷ. ಹೆಣ್ಣಿಲ್ಲದೆ ನೀನೇ ಇಲ್ಲವಲ್ಲೋ ಎನ್ನುವವರು, ಹೆಚ್ಚಾಗಿ ಹೆಂಗಸರೇ. ಒಬ್ಬರು ಹಾಡಿನಲ್ಲಿ ಸವಾಲು ಹಾಕಬೇಕು, ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಟ್ಟು ತಿರುಗಿ ಸವಾಲು ಹಾಕಬೇಕು. ಉತ್ತರ ಹೊಳೆಯದಿದ್ದವರು ತಮ್ಮ ಡಪ್ಪನ್ನು ನೆಲದ ಮೇಲೆ ಬೋರಲು ಇಡಬೇಕು. ನಮ್ಮ ಹಿರಿಯರು ಮರಾಠಿ ನಾಟಕದ ಹಾಡು ಕೇಳಿ ‘ವಾಹ್ವಾ’ ಎನ್ನುತ್ತಿದ್ದ ಜನ. ಅವರಿಗೆ ಗೀಗೀ ಪದವೆಂದರೆ ಅಷ್ಟಕ್ಕಷ್ಟೆ. ನನಗೆ ಮಾತ್ರ ಚಿಕ್ಕಂದಿನಲ್ಲಿ ಭೀಮಪ್ಪಣ್ಣನ ದನಿ ಕಿವಿಗೆ ಬಿದ್ದದ್ದೇ ಆಯಿತು, ಆಮೇಲೆ ಯಾವ ಸಂಗೀತವೂ ರುಚಿಸಲಿಲ್ಲ.

ಆ ದನಿಯನ್ನು ನನಗೆ ಚೀಲಗಟ್ಟಲೆ ಕೊಟ್ಟವರು ಮುಧೋಳದ ಟೇಲರ್ ಹುಸೇನಸಾಬರು. ಅವರು ಭೀಮಪ್ಪಣ್ಣನ ಮೇಳ ಹೋದಲ್ಲೆಲ್ಲ ತಮ್ಮ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ, ಎದುರಿಗೇ ಕೂತು ಹಾಡು ತುಂಬಿಸಿಕೊಂಡು ಬಂದವರು. ನಾನು ಅವರ ಖಾಯಂ ಗಿರಾಕಿ. ನನ್ನ ಹೊಟ್ಟೆ ಬಹಳ ನಿಷ್ಠೆಯಿಂದ ಬೆಳೆಯುತ್ತಿದ್ದುದರಿಂದ ಆಗಾಗ ಪ್ಯಾಂಟು ಬಿಚ್ಚಿಸಿ ಹೊಲಿಸುವ ಕೆಲಸ ಇದ್ದೇ ಇರುತ್ತಿತ್ತು. ಪ್ಯಾಂಟು ಸಡಿಲವಾಗುವ ತನಕ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಕ್ಯಾಸೆಟ್ಟು ಕೇಳುತ್ತಿದ್ದೆ. ಅಂಗಡಿ ಅದೇ ಊರಲ್ಲಿ ಬೇರೆ ಕಡೆಗೆ ಹೋಗುವಾಗ ಹುಸೇನಸಾಬರು ಕ್ಯಾಸೆಟ್ಟುಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ, “ದೇಸಾಯರ, ಇವನ್ನ ನಿಮ್ಮಷ್ಟ ಪಿರೂತಿಲೆ ಕೇಳಾವ್ರು ಯಾರೂ ಇಲ್ಲ, ನೀವ ಒಯ್ರಿ” ಎಂದು ನನ್ನ ಕೈಗಿಟ್ಟರು. ಮದುವೆಯಾದ ಹೊಸತರಲ್ಲಿ ಪೆಟ್ಟಿಗೆ ನಮ್ಮ ಮನೆಗೆ ಬಂತು. ಹೆಂಡತಿ ಮುಂದೆ ಬಂದಳೋ ಪೆಟ್ಟಿಗೆ ಮುಂದೆ ಬಂತೋ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ.

ನನ್ನ ಹೆಂಡತಿ ಸುಮಂಗಲಾ ಬೀಳಗಿಯವಳು, ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಊರೆಲ್ಲ ಅವಳನ್ನು ‘ಅಕ್ಕಾರು’ ಎನ್ನುತ್ತದೆ. ಶಾಲೆಗೆ ಹೊರಡುವ ಮೊದಲು ಅವಳು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತೇ ನನ್ನ ಸಂಗೀತದ ಹೊತ್ತು. ಮೊದಲು ಕ್ಯಾಸೆಟ್ಟು ಇದ್ದದ್ದು ಈಗ ಪೆನ್‌ಡ್ರೈವಾಗಿದೆ, ಟೇಪ್ ರೆಕಾರ್ಡರ್ ಇದ್ದಲ್ಲಿ ಅಂಗೈಯಗಲದ ಸ್ಪೀಕರ್ ಬಂದಿದೆ. ಫ್ರಿಜ್ಜಿನ ಮೇಲೆ ಅದನ್ನು ಕೂರಿಸಿ, ನಾನು ಟೇಬಲ್ಲಿಗೆ ಕೂತು, ಚಹಾ ಕುಡಿಯುತ್ತಾ ಗೋಣು ಹಾಕುವುದು ವಾಡಿಕೆ. ಭೀಮಪ್ಪಣ್ಣ ಗಂಟಲು ಬಿಚ್ಚಿ ಕೇಳುತ್ತಾನೆ:

‘ಏಳ ಲೋಕ ತಿರಗಿ ಬಂದೇನ, ಎಲ್ಲಾ ಬಲ್ಲೆ ನಾನ,
ಗಂಡ ಇಲ್ಲದ ಗಾಡಿ ಹ್ಯಾಂಗ ಊರ ಮುಟ್ಟೀತ, ಹೇಳ ನಾಗೇಶಿ ನೀನ!’

ಹಿಂದಿನವರು ‘ಗೀಯ ಗೀಯ’ ಎಂದು ಎಳೆಯುತ್ತಾರೆ, ಜನ ಸಿಳ್ಳೆ ಹೊಡೆಯುತ್ತದೆ, ಒಂದು ಹೆಣ್ಣು ದನಿ ‘ಕೇಳೋ ಅ...’ ಎಂದು ಎತ್ತುತ್ತದೆ, ‘ಟಕ್’ ಅನ್ನುತ್ತದೆ, ಮತ್ತೆ ಭೀಮಪ್ಪಣ್ಣನ ಮುಂದಿನ ಸವಾಲು. ನಾನು ಆ ‘ಟಕ್’ ಅನ್ನು ಹಾಡಿನ ತಾಳದ ಒಂದು ಭಾಗವೆಂದೇ ತಿಳಿದು, ಅದು ಬಂದಾಗಲೆಲ್ಲ ಚಹಾದ ಬಟ್ಟಲನ್ನು ಟೇಬಲ್ಲಿನ ಮೇಲೆ ಕುಟ್ಟುತ್ತಿದ್ದೆ. ಸಂಗೀತ ನನಗೆ ಎಷ್ಟು ಗೊತ್ತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಹೋದ ವರ್ಷ ದಸರೆ ಮುಗಿದ ಮೇಲೆ ಒಂದು ಬೆಳಗ್ಗೆ ಸುಮಂಗಲಾ ಹಿಟ್ಟಿನ ಕೈಯಲ್ಲೇ ಬಂದು ಸ್ಪೀಕರಿನ ಗುಂಡಿ ಒತ್ತಿದಳು. ಮನೆ ಒಮ್ಮೆಲೇ ಗಪ್ ಆಯಿತು.

“ರೀ, ಒಂದ ಮಾತ ಕೇಳ್ತೀನಿ. ಈ ಭೀಮಪ್ಪಣ್ಣ ದಿನಾ ನಮ್ಮ ಅಡಗಿಮನ್ಯಾಗ ‘ಹೇಳ ನಾಗೇಶಿ, ಹೇಳ ನಾಗೇಶಿ’ ಅಂತ ಒದರ್ತಾನ. ಯಾರಿಗೆ ಕೇಳಾಕತ್ತಾನ್ರಿ?”

“ಎದುರಿನ ಮೇಳಕ್ಕ.”

“ಎದುರಿನ ಮೇಳ ಎಲ್ಲೈತಿ?”

“ಅದರಾಗ ಇರಬೇಕಲ್ಲ.”

“ಇಲ್ಲ. ನಾ ಈ ಮನಿಗೆ ಬಂದಾಗಿಂದ ಕಾಯಾಕತ್ತೇನಿ. ಒಂದ ಹೆಣ್ಣಮಗಳು ಬಾಯಿ ತಗೀತಾಳ, ಟಕ್ ಅಂತೈತಿ, ಮತ್ತ ಇಂವನ ಬರ್ತಾನ. ಅಡಗಿಮನ್ಯಾಗ ಇರಾಕಿ ನಾ ಒಬ್ಬಾಕಿ. ಅಂದ್ರ ಇಂವ ಕೇಳಾಕತ್ತಿದ್ದು ನನಗ. ಮ್ಯಾಲ ನೀವು ಅಲ್ಲಿ ಕುಂತು ಗೋಣ ಹಾಕ್ತೀರಿ.”

ನಾನು ಹಾಕುತ್ತಿದ್ದ ಗೋಣನ್ನು ಅಲ್ಲೇ ನಿಲ್ಲಿಸಿದೆ. ಅವಳು ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವಂತೆ ಮಾತಾಡಿ ರೂಢಿಯಿದ್ದವಳು. “ಉತ್ತರ ಇಲ್ಲದ ಲೆಕ್ಕ ನಾ ಸಾಲ್ಯಾಗ ಹುಡುಗೂರಿಗೆ ಕೊಡಂಗಿಲ್ಲ. ಮನ್ಯಾಗೂ ನಡಿಯಂಗಿಲ್ಲ. ನಾಗೇಶ್ಯಾರ ಉತ್ತರ ತರ್ರಿ, ಎರಡೂ ಕೂಡಿಸಿ ಹಚ್ಚರಿ, ನಾನೂ ಕುಂತ ಕೇಳ್ತೀನಿ. ಇಲ್ಲಾಂದ್ರ ದೀಪಾವಳಿಗೆ ಮನಿ ಸ್ವಚ್ಛ ಮಾಡುಮುಂದ ನಿಮ್ಮ ಭೀಮಪ್ಪಣ್ಣ ಅಟ್ಟ ಏರ್ತಾನ, ನೋಡ್ರಿ ಮತ್ತ.”

ನಮ್ಮ ಮನೆಯ ಅಟ್ಟದ ಬಗ್ಗೆ ಒಂದು ಮಾತು ಹೇಳಬೇಕು. ಅದಕ್ಕೆ ಹತ್ತುವ ದಾರಿ ಇದೆ, ಇಳಿಯುವ ದಾರಿ ಇಲ್ಲ. ವ್ಯಾಯಾಮ ಮಾಡುತ್ತೇನೆಂದು ನಾನು ತಂದ ಕಬ್ಬಿಣದ ಗುಂಡುಗಳು ಅಲ್ಲಿವೆ. ಕಲಿಯುತ್ತೇನೆಂದು ತಂದ ಹಾರ್ಮೋನಿಯಂ ಅಲ್ಲಿದೆ. ಅದರೊಳಗೆ ಇಲಿ ಸಂಸಾರ ಹೂಡಿ, ಅದರ ಮೊಮ್ಮಕ್ಕಳು ಈಗ ಸ್ವರ ಹಿಡಿಯುತ್ತಿರಬಹುದು. ಅಂಥ ಜಾಗಕ್ಕೆ ಭೀಮಪ್ಪಣ್ಣನನ್ನು ಕಳಿಸುವುದೆಂದರೆ ನನಗೆ ನನ್ನನ್ನೇ ಮೂಟೆ ಕಟ್ಟಿ ಎಸೆದಂತೆ. ಒಂದೆರಡು ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಚೇರಿಯಲ್ಲಿ ಕೇಳಿ ನೋಡಿದೆ. ನಮ್ಮ ಸಾಹೇಬರು ಬಂದು “ದೇಸಾಯರ, ಆ ಫೈಲು ಮುಂದ ಹೋತೇನು?” ಎಂದು ಕೇಳಿದಾಗ ನಾನು ಗಟ್ಟಿಯಾಗಿ “ಗೀಯ ಗೀಯ” ಎಂದೆ. ಆಮೇಲೆ ಒಂದು ವಾರ ಅವರು ನನ್ನೊಡನೆ ಮಾತಾಡುವಾಗ ದನಿ ತಗ್ಗಿಸಿ, ರಜೆ ಬೇಕಾದರೆ ತಗೊಳ್ಳಿ ಎನ್ನುತ್ತಿದ್ದರು.

ರಜೆ ತಗೊಂಡೆ. ಮುಧೋಳದ ಬಸ್ಸು ಹತ್ತಿ ಹುಸೇನಸಾಬರ ಅಂಗಡಿಗೆ ಹೋದೆ. ಅವರು ನನ್ನನ್ನು ಕಂಡ ಕೂಡಲೇ ಅಳತೆಯ ಟೇಪು ಹಿಡಿದು ನನ್ನ ನಡುವಿನ ಕಡೆ ಬಂದರು. ಇಂದು ಹೊಟ್ಟೆಯ ಕೆಲಸವಲ್ಲ, ಕ್ಯಾಸೆಟ್ಟಿನ ಕೆಲಸ ಎಂದು ಹೇಳಿ, ಉಳಿದ ಅರ್ಧ ಎಲ್ಲಿ ಎಂದು ಕೇಳಿದೆ.

“ಉಳಿದ ಅರ್ಧ ಅಂದ್ರ?”

“ನಾಗೇಶ್ಯಾರ ಹಾಡು, ಹುಸೇನಸಾಬ್. ಒಂದ ಕ್ಯಾಸೆಟ್ಟಿನ್ಯಾಗೂ ಇಲ್ಲ.”

ಹುಸೇನಸಾಬರು ಕನ್ನಡಕವನ್ನು ಹಣೆಗೇರಿಸಿ, ಯಾವುದೋ ಗಿರಾಕಿಯ ಬಟ್ಟೆ ತಪ್ಪು ಕತ್ತರಿಸಿದವರಂತೆ ನನ್ನನ್ನು ನೋಡಿದರು. “ಹೆಂಗಿರತೈತ್ರಿ? ಅವರು ಸುರು ಮಾಡಿದ ಕೂಡಲೇ ಬಟನ್ ಒತ್ತಿಬಿಡ್ತಿದ್ನಿ. ಸೆಲ್ ಉಳೀಲಿ ಅಂತ. ನಮ್ಮವರು ಸವಾಲ್ ಹಾಕಿದ ಮ್ಯಾಲ ನಮ್ಮ ಕೆಲಸ ಮುಗೀತಲ್ರಿ. ಅವರು ಹಾಡುಮುಂದ ನಾವೆಲ್ಲಾ ಚಾ ಕುಡ್ಯಾಕ ಎದ್ದ ಹೊಕ್ಕಿದ್ವಿ.”

“ಅಂದ್ರ ಉತ್ತರ ನೀವು ಕೇಳೇ ಇಲ್ಲೇನು?”

“ಚಾದಂಗಡಿ ತನಕಾ ಕೇಳಸ್ತಿತ್ತು ಖರೆ. ಗಂಗವ್ವ ಅಂತ ಇದ್ದಳ್ರಿ ಆ ಕಡಿ. ದನಿ ಅಂದ್ರ ದನಿ!” ಎಂದು ಅವರು ಸ್ವಲ್ಪ ಹೊತ್ತು ಕತ್ತರಿಯನ್ನು ಸುಮ್ಮನೆ ತೆರೆದು ಮುಚ್ಚಿದರು. “ಆಕಿ ತೀರಿಕೊಂಡು ಬಾಳ ವರ್ಷ ಆತು.”

ವಾಪಸು ಹೊರಡುವಾಗ ನನಗೆ ನಿಜಕ್ಕೂ ಕೆಟ್ಟೆನಿಸಿತು. ಒಬ್ಬ ಹೆಣ್ಣುಮಗಳು ಆಯುಷ್ಯವಿಡೀ ಹಾಡಿದ್ದಾಳೆ, ನನ್ನ ಹತ್ತಿರ ಅವಳದೆಂದು ಇರುವುದು ‘ಕೇಳೋ ಅ...’ ಎಂಬುದಷ್ಟೇ. ಅಷ್ಟೊಂದು ಸಲ ‘ಕೇಳೋ’ ಅಂದಿದ್ದಾಳೆ, ಟೇಪಿನ ಈಚೆ ಇದ್ದವರು ಯಾರೂ ಕೇಳಿಲ್ಲ. ಆದರೆ ದುಃಖದ ನಡುವೆಯೂ ನನ್ನ ತಲೆ ಅಟ್ಟದ ಸುತ್ತಲೇ ಸುತ್ತುತ್ತಿತ್ತು. ಗಂಗವ್ವ ಇಲ್ಲದಿದ್ದರೇನು, ಅವಳ ಎದುರು ನಿಂತವನು ಇದ್ದಾನಲ್ಲ! ಜಮಖಂಡಿಯ ಬಸ್ಸು ಬಿಟ್ಟು ಭೀಮಪ್ಪಣ್ಣನ ಹಳ್ಳಿಯ ಟಂಟಂ ಆಟೋ ಹತ್ತಿದೆ.

ಭೀಮಪ್ಪಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ತಿಮ್ಮಾಪುರದ ನಾಯಿ ಕೇಂದ್ರದಿಂದ ತಂದ ಮುಧೋಳ ನಾಯಿ, ಕಾಲು ಚಾಚಿ, ತನಗೂ ಹಾಡಿಗೂ ಸಂಬಂಧವಿಲ್ಲವೆಂಬಂತೆ ಮಲಗಿತ್ತು. ಭೀಮಪ್ಪಣ್ಣನಿಗೆ ವಯಸ್ಸಾಗಿದೆ, ಮೀಸೆ ಪೂರ್ತಿ ಬೆಳ್ಳಗಾಗಿದೆ, ದನಿಯಲ್ಲಿ ಮಾತ್ರ ಒಂದು ಕೂದಲೂ ನೆರೆತಿಲ್ಲ. ನನ್ನ ಸಂಕಟ ಕೇಳಿ ಅವನು ತೊಡೆ ತಟ್ಟಿ ನಕ್ಕ.

“ಇಷ್ಟಕ್ಕ ಇಷ್ಟ ದೂರ ಬಂದ್ರೇನು? ಗಂಗವ್ವನ ಎದರ ನಿಂತ ನಿಂತ ನನ್ನ ಹಿಂಬಡ ಸವದಾವ್ರಿ. ಆಕಿ ಉತ್ತರ ಎಲ್ಲಾ ನನಗ ನೆನಪ ಅದಾವ. ನನ್ನ ಸವಾಲೂ ನಾನ ಹಾಡ್ತೀನಿ, ಆಕಿ ಉತ್ತರಾನೂ ನಾನ ಹಾಡ್ತೀನಿ. ನೀವು ಮಿಷನ್ ತಯಾರ ಮಾಡ್ರಿ.”

ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ನಾಯಿ ಎದ್ದು ನನ್ನ ಕಡೆ ನೋಡಿದ್ದರಿಂದ ಕೈ ಮುಗಿದು ಬಂದೆ. ಬನಹಟ್ಟಿಯಲ್ಲಿ ಈರಣ್ಣನೆಂಬ ನೂಲಿನ ವ್ಯಾಪಾರಿ ಇದ್ದಾನೆ; ಅವನು ತನ್ನ ಗೋದಾಮಿನ ಹಿಂದಿನ ಖೋಲಿಗೆ ಗಾದಿ, ಥರ್ಮಾಕೋಲ್ ಬಡಿದು ಒಂದು ಸ್ಟುಡಿಯೋ ಮಾಡಿದ್ದಾನೆ. ನನ್ನ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟವನೂ ಅವನೇ. ದೀಪಾವಳಿಗೆ ಮುಂಚಿನ ಭಾನುವಾರ ಅಲ್ಲೇ ಹಾಡು ತುಂಬಿಸುವುದೆಂದು ಗೊತ್ತಾಯಿತು. ನಾನು ಜಂಬದಿಂದ ಮನೆಯಲ್ಲಿ ಹೇಳಿದೆ. ಸುಮಂಗಲಾ ಹೊಗಳಲಿಲ್ಲ. “ನಾನೂ ಬರ್ತೀನಿ. ಉತ್ತರ ಬರೇ ಬಂದ್ರ ಸಾಲಂಗಿಲ್ಲ, ಸರಿ ಐತೋ ಇಲ್ಲೋ ನೋಡಬೇಕಲ್ಲ” ಎಂದು, ಎಲ್ಲರಿಗೂ ಆಗುವಷ್ಟು ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿಯನ್ನು ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಹೊರಟಳು.

ಬನಹಟ್ಟಿಯಲ್ಲಿ ಓಣಿ ಓಣಿಗೂ ಮಗ್ಗದ ಸಪ್ಪಳ. ಈರಣ್ಣನ ಖೋಲಿಯ ಬಾಗಿಲು ಹಾಕಿದ ಕೂಡಲೇ ಮಾತ್ರ ಕಿವಿಗೆ ಹತ್ತಿ ತುರುಕಿದಂತಾಯಿತು. ಗಾಜಿನ ಆಚೆ ಈರಣ್ಣ ತನ್ನ ಮಿಷನ್ನಿನ ಮುಂದೆ ಕೂತ. ಈಚೆ ಭೀಮಪ್ಪಣ್ಣ, ಅವನ ತುಂತುಣಿಯವ, ತಾಳದವ, ಗೋಡೆಗೆ ಆತುಕೊಂಡು ನಾನು. ಆಚೆ ಜಾಗವಿಲ್ಲದ್ದರಿಂದ ಸುಮಂಗಲಾ ಕೂಡ ಒಳಗೇ ಒಂದು ಪ್ಲಾಸ್ಟಿಕ್ ಖುರ್ಚಿಯಲ್ಲಿ, ತೊಡೆಯ ಮೇಲೆ ರೊಟ್ಟಿ ಡಬ್ಬಿ ಇಟ್ಟುಕೊಂಡು ಕೂತಳು. ಈರಣ್ಣ ಸ್ಪೀಕರಿನಲ್ಲಿ “ಅಕ್ಕಾರ, ಉಸಿರೂ ಸಣ್ಣಗ ಬಿಡ್ರಿ ಮತ್ತ” ಎಂದು ವಿನಂತಿ ಮಾಡಿಕೊಂಡ.

ಭೀಮಪ್ಪಣ್ಣ ಡಪ್ಪು ಎತ್ತಿದ. ಆಹಾ! ಕ್ಯಾಸೆಟ್ಟಿನಲ್ಲಿ ಕೇಳಿದ್ದು ಬೇರೆ, ಒಂದು ಮಾರು ದೂರದಲ್ಲಿ ನಿಂತು ಕೇಳುವುದು ಬೇರೆ. ಏಳು ಲೋಕ ತಿರುಗಿದ, ಎಲ್ಲಾ ಬಲ್ಲೆ ಅಂದ, ಗಂಡಿಲ್ಲದ ಗಾಡಿ ಊರು ಹೇಗೆ ಮುಟ್ಟೀತು ಎಂದು ಮೈಕಿನ ಮುಂದೆ ಗುಡುಗಿದ. ಹಿಂದಿನವರು ‘ಗೀಯ ಗೀಯ’ ಎಳೆದರು. ಭೀಮಪ್ಪಣ್ಣ ಡಪ್ಪನ್ನು ಎದೆಗೊತ್ತಿ, ರೂಢಿಯಂತೆ ಎದುರಿನವರ ಕಡೆ ಗದ್ದ ಎತ್ತಿ ನಿಂತ. ಎದುರಿಗೆ ಗಾದಿ ಬಡಿದ ಗೋಡೆ. ಗೋಡೆ ಏನೂ ಅನ್ನಲಿಲ್ಲ.

“ಮುಂದ ಹೋಗ್ರಿ ಭೀಮಪ್ಪಣ್ಣ” ಎಂದಿತು ಸ್ಪೀಕರು.

“ಹೆಂಗ ಹೋಗೂದೋ ತಮ್ಮಾ? ನಾ ಕೇಳೀನಿ. ಈಗ ಅವರು ಹೇಳಬೇಕು.”

“ಅವರದೂ ನೀವ ಹಾಡ್ತೀನಿ ಅಂದೀರಲ್ರಿ” ಎಂದೆ ನಾನು.

“ಹೌದಲ್ಲ” ಎಂದು ಭೀಮಪ್ಪಣ್ಣ ಕಣ್ಣು ಮುಚ್ಚಿದ. ಬಹಳ ಹೊತ್ತು ಮುಚ್ಚಿಯೇ ಇದ್ದ. ತುಂತುಣಿಯವ ಒಮ್ಮೆ ಮೀಟಿ ನೆನಪಿಸಿದ. ಭೀಮಪ್ಪಣ್ಣ ಒಂದು ಕಣ್ಣು ತೆರೆದ. “ಇದಕ್ಕ ಗಂಗವ್ವ ಏನೋ ಒಂದ ಅಂದಿದ್ಲು. ಮಂದಿ ಬಾಳ ನಕ್ಕಿದ್ರು. ಏನಂದಿದ್ಲು...” ಇನ್ನೊಂದು ಸವಾಲು ಹಾಡಿ ನೋಡಿದ, ಅದರ ಉತ್ತರವೂ ಬರಲಿಲ್ಲ. ಕೊನೆಗೆ ಅವನು ರುಮಾಲು ತೆಗೆದು ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದ. “ದೇಸಾಯರ, ಖರೆ ಹೇಳ್ಲೇನು? ಆಕಿ ಹಾಡುಮುಂದ ನಾ ನನ್ನ ಮುಂದಿನ ಸವಾಲ್ ಜೋಡಸ್ತಿದ್ನಿ. ಕಿವಿ ಆ ಕಡಿ ಇರ್ತಿದ್ದಿಲ್ಲ. ನಾ ಗೆದ್ದದ್ದಷ್ಟ ನೆನಪೈತಿ.”

ಈರಣ್ಣ ಉಪಾಯ ಹೇಳಿದ: “ನೀವ ಏನಾರ ಕೇಳ್ರಿ, ನೀವ ಏನಾರ ಹೇಳ್ರಿ, ನಾ ಕೂಡಸ್ತೀನಿ.” ಭೀಮಪ್ಪಣ್ಣನಿಗೆ ಸಿಟ್ಟು ಬಂತು. “ನಾನ ಕೇಳಿ ನಾನ ಹೇಳಾಕ ನನಗೇನ ತಲಿ ಕೆಟ್ಟೈತೇನೋ? ಎದುರಿಗೆ ಬೈಯಾವ್ರು ಇಲ್ಲಂದ್ರ ನಮ್ಮ ಹಾಡ ಹುಟ್ಟಂಗಿಲ್ಲೋ” ಎಂದು ಡಪ್ಪನ್ನು ಕಂಕುಳಿಗೆ ಸಿಕ್ಕಿಸಿದ. ನಾನು ಕಣ್ಣೆದುರು ಅಟ್ಟದ ಏಣಿಯನ್ನೇ ಕಂಡೆ. ಉತ್ತರ ತರುತ್ತೇನೆಂದು ಎರಡು ತಾಲೂಕು ಸುತ್ತಿ, ಸ್ಟುಡಿಯೋ ಗೊತ್ತು ಮಾಡಿ, ಕೊನೆಗೆ ನಾನು ಕರೆದುಕೊಂಡು ಬಂದದ್ದು ಮತ್ತೆ ಪ್ರಶ್ನೆ ಕೇಳುವವನನ್ನೇ. ಉತ್ತರಕ್ಕೆ ಒಬ್ಬ ಹೆಂಗಸನ್ನು ಕರೆಯಬೇಕು ಎಂಬುದು ಟೇಲರಿಗಾಗಲಿ, ಹಾಡುಗಾರನಿಗಾಗಲಿ, ಗುಮಾಸ್ತನಾದ ನನಗಾಗಲಿ ಹೊಳೆದಿರಲಿಲ್ಲ.

ಆಗ ಮೂಲೆಯಲ್ಲಿ ‘ಠಣ್’ ಎಂದಿತು. ಸುಮಂಗಲಾ ರೊಟ್ಟಿ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದು ಎದ್ದು ನಿಂತಿದ್ದಳು. ಊಟಕ್ಕೆ ಕರೆಯುತ್ತಾಳೆಂದು ತಾಳದವ ಆಸೆಯಿಂದ ನೋಡಿದ. ಅವಳು ಮುಚ್ಚಳಕ್ಕೆ ಬೆರಳಿನಿಂದ ಬಡಿಯುತ್ತಾ, ಭೀಮಪ್ಪಣ್ಣನದೇ ಧಾಟಿಯಲ್ಲಿ, ಆದರೆ ಅವನಿಗಿಂತ ಒಂದು ಮೆಟ್ಟಿಲು ಮೇಲಿಂದ ಎತ್ತಿದಳು:

‘ಊರ ದಾರಿ ಎತ್ತಿಗಿ ಗೊತ್ತ, ತಾನ ನಡದ ಬಂತ,
ಹಗ್ಗ ಹಿಡದ ಗಂಡನ ಗೊರಕಿ ಗಾಡಿ ತುಂಬಾ ಇತ್ತ,
ಬಾಗಲದಾಗ ದೀಪ ಹಚ್ಚಿದಾಕಿ ಯಾರಂತ ಯಾರಿಗ ಗೊತ್ತ!’

ಖೋಲಿಯಲ್ಲಿ ಯಾರೂ ಉಸಿರನ್ನು ಸಣ್ಣಗೂ ಬಿಡಲಿಲ್ಲ, ದೊಡ್ಡದಾಗಿಯೂ ಬಿಡಲಿಲ್ಲ. ಗಾಜಿನ ಆಚೆ ಈರಣ್ಣ ಮಿಷನ್ನು ಬಂದ್ ಮಾಡದೆ ಬಾಯಿ ತೆರೆದು ಕೂತಿದ್ದ. ಅದೊಂದು ಅವನು ಮಾಡಿದ ದೊಡ್ಡ ಉಪಕಾರ. ಭೀಮಪ್ಪಣ್ಣನ ಕಂಕುಳಿನಿಂದ ಡಪ್ಪು ತಾನಾಗಿ ಕೈಗೆ ಇಳಿಯಿತು. “ಅಕ್ಕಾರ, ಇದನ್ನ ಎಲ್ಲಿ ಕಲ್ತ್ರಿ?” ಎಂದ.

“ಎಲ್ಲೂ ಕಲ್ತಿಲ್ರಿ ಅಣ್ಣಾರ. ನೀವು ದಿನಾ ಮುಂಜಾನೆ ನಮ್ಮ ಮನ್ಯಾಗ ಕೇಳ್ತೀರಲ್ಲ, ನಾ ರೊಟ್ಟ್ಯಾಗ ಕೈ ಇಟ್ಕೊಂಡು ಮನಸ್ಸಿನ್ಯಾಗ ಹೇಳ್ತೀನಿ. ಇಷ್ಟ ವರ್ಷದ್ದು ಎಲ್ಲಾ ತಯಾರ ಅದಾವ.”

“ಹಂಗಾದ್ರ ಬರ್ರಿ” ಎಂದು ಭೀಮಪ್ಪಣ್ಣ ಕುಣಿಯುವ ಒಂದು ಹೆಜ್ಜೆ ಹಾಕಿ ಹುರುಪಿನಿಂದ ಡಪ್ಪು ಎತ್ತಿದವನು ಅಲ್ಲೇ ತಡೆದ. “ನಿಂದರ್ರಿ. ಅಕ್ಕಾರಿಗೆ ಹಿಮ್ಮೇಳ ಇಲ್ಲ. ನನ್ನ ಮಂದಿ ಆ ಕಡಿ ಹಾಡಂಗಿಲ್ಲ, ಅದು ನೇಮ.” ಅವನ ಕಣ್ಣು ಖೋಲಿಯನ್ನೆಲ್ಲ ಸುತ್ತಿ ನನ್ನ ಮೇಲೆ ಬಂದು ನಿಂತಿತು. “ದೇಸಾಯರ, ಗ್ವಾಡಿ ಬಿಟ್ಟು ಆ ಕಡಿ ಹೋಗ್ರಿ. ಅಕ್ಕಾರ ಹಿಂದ ನಿಂದರ್ರಿ.”

ನಾನು ಹುಟ್ಟು ಹರದೇಶಿ. ಆ ಪಕ್ಷದ ಚಹಾ ಕುಡಿದು, ಆ ಪಕ್ಷಕ್ಕೆ ಗೋಣು ಹಾಕಿ ಬೆಳೆದವನು. ಆ ನಾಲ್ಕು ಹೆಜ್ಜೆ ನಡೆಯುವಾಗ ಪಕ್ಷ ಬಿಡುವ ರಾಜಕಾರಣಿಗಳ ಕಷ್ಟ ನನಗೆ ಸ್ವಲ್ಪ ಅರ್ಥವಾಯಿತು. ಸುಮಂಗಲಾ ತಿರುಗಿಯೂ ನೋಡದೆ “ಹಾಡಿನ ಸಾಲ ಮುಗದ ಮ್ಯಾಲ ಅನ್ರಿ, ನಡಬರಕ ಬಾಯಿ ಹಾಕಬ್ಯಾಡ್ರಿ” ಎಂದಳು. ಆಮೇಲೆ ನಡೆದದ್ದನ್ನು ನಾನು ಸರಿಯಾಗಿ ಹೇಳಲಾರೆ. ಭೀಮಪ್ಪಣ್ಣ ಕೇಳಿದ, ಅವಳು ಹೇಳಿದಳು; ಅವನು ಕೆಣಕಿದ, ಅವಳು ತಿರುಗಿಸಿ ಕೊಟ್ಟಳು. ಪ್ರತಿ ಸಲವೂ ಅವಳ ಬೆನ್ನ ಹಿಂದೆ ನಾನು ‘ಗೀಯ ಗೀಯ’ ಎಂದೆ. ನಡುನಡುವೆ ಹೊಟ್ಟೆ ತುಂಬ ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಇಷ್ಟು ಚಂದ ಹಾಡುವವಳು ದಿನಾ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳಲ್ಲ ಎಂದು ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಕೊನೆಗೆ ಅವಳ ಸರದಿಯ ಸವಾಲು ಬಂತು:

‘ಏಳ ಲೋಕ ತಿರಗಿ ಬಂದಿ, ಎಲ್ಲಾ ಬಲ್ಲಿ ಏನ?
ನಿನ್ನ ಅಡಗಿಮನಿ ಉಪ್ಪಿನ ಡಬ್ಬಿ ಎಲ್ಲೈತಿ, ಹೇಳ ನೀನ!’

ಭೀಮಪ್ಪಣ್ಣ ಬಾಯಿ ತೆರೆದ, ಮುಚ್ಚಿದ. ಸೃಷ್ಟಿ ಹೇಗಾಯಿತು ಎಂದು ಕೇಳಿದ್ದರೆ ಅವನು ನಿಂತಲ್ಲೇ ಹೇಳುತ್ತಿದ್ದ. ಅವನು ತುಂತುಣಿಯವನ ಕಡೆ ನೋಡಿದ. ತುಂತುಣಿಯವ ತಾಳದವನ ಕಡೆ ನೋಡಿದ. ತಾಳದವ ಗಾಜಿನ ಆಚೆ ನೋಡಿದ. ಅಲ್ಲಿ ಈರಣ್ಣ ತಲೆ ತಗ್ಗಿಸಿ ವೈರು ಸರಿಮಾಡುತ್ತಿದ್ದ. ಹಿಮ್ಮೇಳದಲ್ಲಿದ್ದ ನನಗೂ ಉತ್ತರ ಗೊತ್ತಿರಲಿಲ್ಲ, ಆದರೆ ನಾನು ಕೇಳುವ ಪಕ್ಷದಲ್ಲಿದ್ದೆನಾದ್ದರಿಂದ ಜೋರಾಗಿ ‘ಗೀಯ ಗೀಯ’ ಎಂದೆ. ಭೀಮಪ್ಪಣ್ಣ ಗಹಗಹಿಸಿ ನಕ್ಕು, ಡಪ್ಪನ್ನು ನೆಲದ ಮೇಲೆ ಬೋರಲು ಇಟ್ಟು, “ಗಂಗವ್ವ ಇದ್ದಿದ್ರ ನಿಮ್ಮನ್ನ ಹೆಗಲ ಮ್ಯಾಲ ಹೊತ್ಕೊಂಡ ಕುಣೀತಿದ್ಲು ಅಕ್ಕಾರ” ಎಂದ. ಆಮೇಲೆ ಎಲ್ಲರೂ ಅಲ್ಲೇ ಕೂತು ರೊಟ್ಟಿ ತಿಂದೆವು.

ಪೆಟ್ಟಿಗೆ ಅಟ್ಟ ಏರಲಿಲ್ಲ. ಆದರೆ ನಾನು ಗೆದ್ದೆನೆಂದು ಹೇಳುವ ಧೈರ್ಯವೂ ನನಗಿಲ್ಲ. ಈರಣ್ಣ ಆ ಹಾಡನ್ನು ನಾಲ್ಕು ಜನರ ಫೋನಿಗೆ ಕಳಿಸಿದ. ಒಂದು ವಾರದಲ್ಲಿ ಅದು ಬನಹಟ್ಟಿ, ರಬಕವಿಯ ಮಗ್ಗದ ಸಪ್ಪಳವನ್ನೂ ಮೀರಿ ಕೇಳತೊಡಗಿತು. ಪೇಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೆ ಜನ ಸುಮಂಗಲಾಗೆ ಕೈ ಮುಗಿದು “ಉಪ್ಪಿನ ಡಬ್ಬಿ ಅಕ್ಕಾರ, ಆರಾಮ ಅದೀರೇನ್ರಿ?” ಎನ್ನುತ್ತಾರೆ. ನನ್ನನ್ನು ನೋಡಿ “ಹಿಂದ ಗೀಯ ಗೀಯ ಅಂದಾವ್ರು ನೀವ ಏನ್ರಿ? ಒಂದೀಟ ಮೂಗಿನ್ಯಾಗ ಬಂದೈತಿ” ಎನ್ನುತ್ತಾರೆ. ಈಗ ಬೆಳಗ್ಗೆ ಸ್ಪೀಕರಿನ ಗುಂಡಿ ಒತ್ತುವವಳು ಅವಳು. ಹಾಡು ಕೊನೆಯ ಸವಾಲಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮುಂದಕ್ಕೆ ಇಲ್ಲ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಾಳೆ. ಮನೆಯಲ್ಲಿ ಇರುವ ಹರದೇಶಿ ನಾನೊಬ್ಬನೇ.

ಭೀಮಪ್ಪಣ್ಣನಿಗೂ ನಿದ್ದೆ ಇಲ್ಲ. ಆಗಾಗ ಫೋನು ಮಾಡಿ “ದೇಸಾಯರ, ನಿಮಗೇನರ ಹೊಳೀತೇನು?” ಎಂದು ಕೇಳುತ್ತಾನೆ. ಕೇಳಿ ತಿಳಿದುಕೊಂಡರೆ ಅದು ಉತ್ತರವಲ್ಲ, ತಾನೇ ಹುಡುಕಬೇಕು ಎಂಬುದು ಅವನ ನೇಮ. ಮೊನ್ನೆ ಶನಿವಾರ ಸುಮಂಗಲಾಗೆ ಬೆಳಗಿನ ಶಾಲೆ. ಅವಳು ಬರುವಷ್ಟರಲ್ಲಿ ಉಪ್ಪಿಟ್ಟು ಮಾಡಿಟ್ಟು, ಸವಾಲಿಗೆ ಜವಾಬು ಕೊಟ್ಟೇಬಿಡುತ್ತೇನೆಂದು ನಾನು ಅಡಿಗೆಮನೆಗೆ ಇಳಿದೆ. ಭೀಮಪ್ಪಣ್ಣನಿಗೆ ಫೋನು ಹಚ್ಚಿ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೆ. ಅವನೂ ತನ್ನ ಅಡಿಗೆಮನೆಯಲ್ಲೇ ಇದ್ದ. ಮನೆಯಾಕೆ ಹೊಲಕ್ಕೆ ಹೋಗಿದ್ದಳು. ಜಮಖಂಡಿಯಲ್ಲಿ ಒಂದು ಡಬ್ಬಿ ಬಿದ್ದರೆ ಮುಧೋಳದ ಆಚೆ ಎರಡು ಬೀಳುತ್ತಿದ್ದವು. ಕೊನೆಗೆ ಎರಡನೆಯ ಹಲಗೆಯ ಮೇಲೆ, ಬೆಲ್ಲದ ಡಬ್ಬಿಯ ಹಿಂದೆ, ಬೆಳ್ಳಗೆ ನುಣ್ಣಗೆ ನನಗೆ ಸಿಕ್ಕಿತು. “ಸಿಕ್ತು ಭೀಮಪ್ಪಣ್ಣ!” ಎಂದು ಕೂಗಿದೆ. ಆ ಕಡೆಯಿಂದ ಏನೋ ಉರುಳಿದ ಸದ್ದು. “ನಿಮ್ಮನೀದು ಸಿಕ್ತು ಖರೆ. ಅದರಿಂದ ನನಗೇನ ಉಪಯೋಗ ಆತ್ರಿ?” ಎಂದು ಅವನು ಬೇಜಾರಿನಿಂದ ಫೋನಿಟ್ಟ.

ಸುಮಂಗಲಾ ಬಂದಳು. ಕೈಕಾಲು ತೊಳೆದು ಕೂತ ಕೂಡಲೇ ತಟ್ಟೆ ಮುಂದಿಟ್ಟು, ನಾನೇ ಸ್ಪೀಕರಿನ ಗುಂಡಿ ಒತ್ತಿದೆ. ಅವಳ ಸವಾಲು ಬಂದು ನಿಂತ ಕೂಡಲೇ ಎದೆ ಉಬ್ಬಿಸಿ, ಅದೇ ಧಾಟಿಯಲ್ಲಿ, ‘ಎರಡನೇ ಹಲಿಗಿ, ಬೆಲ್ಲದ ಹಿಂದ, ಕೇಳ ನಾಗೇಶಿ ನೀನ’ ಎಂದು ಹಾಡಿದೆ. ಅವಳು ಒಂದು ತುತ್ತು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ನೀರು ಕುಡಿದಳು.

“ರೀ, ಶಂಕರಪಾಳಿ ಮಾಡಾಕಂತ ಸಕ್ಕರಿ ಬೀಸಿ ಇಟ್ಟಿದ್ನಿ” ಎಂದಳು. “ಎರಡನೇ ಹಲಿಗಿ ಮ್ಯಾಲ, ಬೆಲ್ಲದ ಹಿಂದ.”

ಆಮೇಲೆ ಕೈ ಚಾಚಿ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. ಹಾಡು ಮತ್ತೆ ಮೊದಲಿಂದ ನಡೆದು ಉಪ್ಪಿನ ಡಬ್ಬಿಗೆ ಬಂತು. ಸ್ಪೀಕರಿನೊಳಗಿದ್ದ ನಾನೂ, ಸಿಹಿ ಉಪ್ಪಿಟ್ಟಿನ ಮುಂದೆ ಕೂತಿದ್ದ ನಾನೂ, ಇಬ್ಬರೂ ಕೂಡಿ ಒಂದೇ ದನಿಯಲ್ಲಿ, ಒಂದೀಟು ಮೂಗಿನಲ್ಲಿಯೇ, ‘ಗೀಯ ಗೀಯ’ ಎಂದೆವು.